ಕತ್ತರಿಸಿಟ್ಟ ರೆಸಿಪಿ ಕೈಕೊಡುವುದೇಕೆ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಅಡುಗೆಮನೆಗಳ ಕಪಾಟಿನಲ್ಲಿ ಊದಿಕೊಂಡ ಡೈರಿಯೊಂದು ಸಿಕ್ಕೀತು. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಬರತೊಡಗಿದ ‘ತರಂಗ’, ಇಂಗ್ಲಿಷಿನ ‘ಫೆಮಿನಾ’, ‘ವುಮನ್ಸ್ ಎರಾ’ಗಳಿಂದ ಕತ್ತರಿಸಿ ಅಂಟಿಸಿದ ರೆಸಿಪಿಗಳು ಅದರ ತುಂಬ. ನನ್ನ ಪ್ರಕಾರ ಅಚ್ಚಾಗಿರುವುದಕ್ಕಿಂತ ಬೆಲೆಯುಳ್ಳದ್ದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದು: ‘ಬೆಲ್ಲ ಅರ್ಧ ಸಾಕು’, ‘ಚಳಿಗಾಲಕ್ಕೆ ಆಗಲ್ಲ’. ಪತ್ರಿಕೆಗೆ ಬರೆದು ಕಳಿಸಿದವರ ಊರು, ಹವೆ, ಪಾತ್ರೆ ಬೇರೆ, ನಮ್ಮದು ಬೇರೆ. ಅದನ್ನು ಸರಿದೂಗಿಸಿಕೊಂಡರೆ ಮುಕ್ಕಾಲು ತೊಂದರೆ ಕಳೆಯಿತು.

ಮೊದಲು ಹವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕಲ್ಲ, 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟರೆ ಮಂಗಳೂರಿನವರು ಬರೆದ ಹೊತ್ತಿಗೆ ಅದು ಬೆಂದಿರುವುದಿಲ್ಲ. ಹಿಟ್ಟಿನದು ಇನ್ನೂ ದೊಡ್ಡ ಪಾಡು. ಹಿಟ್ಟು ಹುದುಗಿಸುವ ಸೂಕ್ಷ್ಮಜೀವಿಗಳು 30 ಡಿಗ್ರಿಯ ಹತ್ತಿರ ಚುರುಕಾಗಿರುತ್ತವೆ. ಡಿಸೆಂಬರ್ ರಾತ್ರಿ ಇಲ್ಲಿ 16 ಡಿಗ್ರಿಗೆ ಇಳಿಯುತ್ತದೆ. ಕರಾವಳಿಯ ರೆಸಿಪಿಯಲ್ಲಿ ‘ಎಂಟು ಗಂಟೆ ಇಡಿ’ ಎಂದಿದ್ದರೆ ಇಲ್ಲಿ ಹನ್ನೆರಡು, ಹದಿನಾಲ್ಕು ಗಂಟೆ ಬೇಕಾದೀತು. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ, ಉಗುರುಬೆಚ್ಚಗಿನ ನೀರು ಬಿಟ್ಟು ರುಬ್ಬಿ, ಕೈಯಿಂದಲೇ ಕಲಸಿ, ಡಬರಿಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡಿ. ಉಪ್ಪು ಉಬ್ಬಿದ ಮೇಲೆ ಹಾಕಿದರಾಯಿತು. ಅವಸರಕ್ಕೆ ಸೋಡಾ ಹಾಕಿದರೆ ಇಡ್ಲಿ ಉಬ್ಬುತ್ತದೆ ನಿಜ, ಆ ಹದವಾದ ಹುಳಿ ಬರುವುದಿಲ್ಲ.

ಅಳತೆಯ ಗೊಂದಲವೂ ಹಳೆಯದೇ. 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದರೂ ಅಜ್ಜಿಯರು ಪಾವು, ಸೇರು ಬಿಡಲಿಲ್ಲ. ಪತ್ರಿಕೆಯ ‘ಒಂದು ಕಪ್’ ಸಾಮಾನ್ಯವಾಗಿ 240 ಮಿಲಿಲೀಟರ್. ಕಾಫಿ ಲೋಟ ಅಷ್ಟು ಹಿಡಿಯುವುದಿಲ್ಲ. ಹಿಟ್ಟು, ಸಕ್ಕರೆ, ಹಾಲು ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆದರೆ ಪ್ರಮಾಣ ಕೆಡದು. ಸೋಡಾ, ಉಪ್ಪಿಗೆ ಮಾತ್ರ 5 ಮಿಲಿಲೀಟರಿನ ಟೀ ಚಮಚ ಬೇಕು, ಲೋಟ ಸಣ್ಣದಾದಷ್ಟು ಅದನ್ನೂ ಇಳಿಸಬೇಕು.

ಪದಾರ್ಥ ಬದಲಿಸುವ ಮುಂಚೆ ಅದು ಅಲ್ಲಿ ಯಾವ ಕೆಲಸಕ್ಕಿದೆ ಎಂದು ಕೇಳಿಕೊಳ್ಳಿ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಕೇಕಿನ ರೆಸಿಪಿ ನೋಡಿ ನಿಟ್ಟುಸಿರು ಬಿಡುವುದು ರೂಢಿ. ಕೇಕಿನಲ್ಲಿ ಮೊಟ್ಟೆ ತೇವ ಕೊಡುತ್ತದೆ, ಉಬ್ಬಿಸುತ್ತದೆ, ಹಿಡಿದಿಡುತ್ತದೆ. ಒಂದು ಮೊಟ್ಟೆಗೆ ಕಾಲು ಕಪ್ ಗಟ್ಟಿ ಮೊಸರು, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿದರೆ ಮೊದಲೆರಡು ಕೆಲಸ ಆಯಿತು. ಮೊಸರಿನ ಹುಳಿಗೆ ಸೋಡಾ ಸೇರಿ ಇಂಗಾಲದ ಡೈಆಕ್ಸೈಡ್ ಗುಳ್ಳೆಯೇಳುತ್ತದೆ. ಕಲಸಿದ ತಕ್ಷಣ ಬೇಯಲು ಇಡದಿದ್ದರೆ ಗುಳ್ಳೆ ಹಾರಿಹೋಗಿ ಕೇಕು ಕಲ್ಲಾಗುತ್ತದೆ. ಹಿಡಿದಿಡುವ ಕೆಲಸ ಮೈದಾದ್ದು. ಎರಡು ಮೊಟ್ಟೆಯವರೆಗೆ ಇದು ನಡೆಯುತ್ತದೆ. ಆರು ಮೊಟ್ಟೆಯ ಸ್ಪಂಜ್ ಕೇಕಿನ ಪುಟ ಕಂಡರೆ ಸುಮ್ಮನೆ ಮಗುಚಿಬಿಡಿ. ಚಾತುರ್ಮಾಸ್ಯದ ದಧಿವ್ರತದಲ್ಲಿ ಮೊಸರೂ ನಿಷಿದ್ಧವಲ್ಲವೇ, ಆಗೇನು ಎಂದು ಚಾಮರಾಜಪೇಟೆಯ ಮಾಧ್ವರು ಕೇಳಿಯಾರು. ಆಗ ಹುಳಿಗೆ ನಿಂಬೆರಸ, ತೇವಕ್ಕೆ ನೀರು.

ಈರುಳ್ಳಿ ಬಿಟ್ಟವರು ಅದರ ಜಾಗಕ್ಕೆ ಇಂಗು ಹಾಕಿ ಕೈತೊಳೆದುಕೊಳ್ಳುತ್ತಾರೆ. ಇಂಗಿನಿಂದ ಬರುವುದು ವಾಸನೆ ಮಾತ್ರ. ಪನೀರ್ ಗ್ರೇವಿಯಲ್ಲಿ ಈರುಳ್ಳಿಯಿಂದ ಬರುತ್ತಿದ್ದ ಗಟ್ಟಿತನ, ಸಣ್ಣ ಸಿಹಿ ಬೇಕಿದ್ದರೆ ನೆನೆಸಿದ ಗೋಡಂಬಿಯ ಜೊತೆ ಬೆಂದ ಸಿಹಿಗುಂಬಳದ ನಾಲ್ಕು ಹೋಳು ರುಬ್ಬಿ ಹಾಕಿ. ಹುರಿಗಡಲೆ ಅಗ್ಗ, ಆದರೆ ಹೆಚ್ಚಾದರೆ ಗ್ರೇವಿ ಹೋಗಿ ಚಟ್ನಿಯಾಗುತ್ತದೆ. ಮೆಣಸಿನಕಾಯಿ ವಿಷಯದಲ್ಲಿ ಎಣಿಕೆಗಿಂತ ಜಾತಿ ನೋಡಿ: ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಒಂದೆರಡು ಗುಂಟೂರು.

ಬಟಾಣಿ ಪಲಾವ್, ಮಟರ್ ಪನೀರ್‌ನ ಪುಟಗಳು ಸಂಕ್ರಾಂತಿಯ ಸುಮಾರಿಗೆ ತಾವೇ ಹಿತಕಬೇಳೆಯ ಪುಟಗಳಾಗುತ್ತವೆ. ಗಾಂಧಿಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಿ ಸೊಗಡು ಅವರೆಕಾಯಿ ರಾಶಿ ಬೀಳುವ ಕಾಲ ಅದು. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುತ್ತದೆ. ಪಾತ್ರೆಗೆ ಅಡ್ಡ ಕೈ ಹಿಡಿಯದಿದ್ದರೆ ನೆಲದಲ್ಲಿ ಹುಡುಕಬೇಕು. ಬಟಾಣಿಯಂತೆ ಅಕ್ಕಿಯ ಜೊತೆಗೇ ಕುಕ್ಕರಿಗೆ ಹಾಕಿದರೆ ಬೇಳೆ ಕರಗಿ ಪಲಾವ್ ಮುದ್ದೆಯಾದೀತು. ಬೇರೆಯಾಗಿ ಉಪ್ಪು ಹಾಕಿ, ಒತ್ತಿದರೆ ಮೆತ್ತಗಾಗುವಷ್ಟು ಮಾತ್ರ ಬೇಯಿಸಿ, ಅನ್ನ ಉದುರಾದ ಮೇಲೆ ಬೆರೆಸಿ. ಬೇಯಿಸಿದ ನೀರು ಚೆಲ್ಲಬೇಡಿ, ಸಾರಿಗೆ ಆಗುತ್ತದೆ.