ಮಂಡಲಿಯ ಪಟ್ಟದ ಬಸದಿ: ಶಾಸನಾನ್ವೇಷಣೆಯೂ ತಾಳೆಗರಿಯ ಪಂಡಿತರೂ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಮಲವಗೊಪ್ಪದ ಆಸುಪಾಸಿನ ನೆಲವು ತುಂಗೆ ಮತ್ತು ಭದ್ರೆಗಳ ನಡುವಣದು. ಶಾಸನಗಳಲ್ಲಿ ಬರುವ ‘ಎಡದೊರೆ ಎಪ್ಪತ್ತು’ ಎಂಬ ನಾಡಿನ ಹೆಸರಿಗೂ ಹೊಳೆಗಳ ನಡುವಣ ಭೂಮಿ ಎಂದೇ ಅರ್ಥ. ಇದು ಮಂಡಲಿ ಸಾಸಿರಕ್ಕೆ ಸೇರಿದ್ದಿತು. ಜೈನ ಇತಿಹಾಸದಲ್ಲಿ ಈ ನಾಡಿಗಿರುವ ಸ್ಥಾನವು ಹೇಗೆ ಬೆಳಕಿಗೆ ಬಂದಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದವನು ಕಾಲಿನ್ ಮೆಕೆಂಜಿ. ಹಾಳುಬಿದ್ದ ಗುಡಿ ಬಸದಿಗಳು, ಶಿಲಾಶಾಸನಗಳು, ಊರೂರಿನ ಕೈಫಿಯತ್ತುಗಳು ಇವೆಲ್ಲವೂ ಆತನ ಸಂಗ್ರಹಕ್ಕೆ ವಿಷಯವಾದವು. ಆದರೆ ಆತನಿಗೆ ದೇಶಭಾಷೆಗಳ ಪರಿಜ್ಞಾನವಿರಲಿಲ್ಲ. ಕಾವಲಿ ವೆಂಕಟ ಬೋರಯ್ಯನೂ, 1803ರಲ್ಲಿ ಅವನು ತೀರಿಕೊಂಡ ಬಳಿಕ ತಮ್ಮ ಲಕ್ಷ್ಮಯ್ಯನೂ ಈ ಕಾರ್ಯವನ್ನು ನಿರ್ವಹಿಸಿದರು. ಹಳಗನ್ನಡ ಶಾಸನಗಳ ಲಿಪಿಯನ್ನು ಓದಿಕೊಟ್ಟವರಾದರೋ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಅದೇ ಮಲೆಯೂರಿನ, ಅಂದರೆ ಕನಕಗಿರಿಯ, ದೇವಚಂದ್ರನೂ ಮೆಕೆಂಜಿಯ ಸಂಪರ್ಕಕ್ಕೆ ಬಂದವನು. ಆ ಪ್ರೇರಣೆಯೇ ಮುಂದೆ ಅವನ ‘ರಾಜಾವಳೀಕಥೆ’ಗೆ ಮೂಲವಾಯಿತು. ತಾಳೆಗರಿಯನ್ನು ಓದಿ ಪಳಗಿದ ಕಣ್ಣುಗಳೇ ಕಲ್ಲನ್ನೂ ಓದಿದುವೆಂಬುದು ಗಮನಾರ್ಹ.

1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬಿ. ಎಲ್. ರೈಸ್ ಅವರು 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಗ್ರಂಥವನ್ನು ಹೊರತಂದರು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ 7 ಮತ್ತು 8ನೆಯ ಸಂಪುಟಗಳು, ಶಿವಮೊಗ್ಗ ಜಿಲ್ಲೆಗೆ ಸಂಬಂಧಿಸಿದವು, 1902 ಮತ್ತು 1904ರಲ್ಲಿ ಪ್ರಕಟವಾದವು.

ಏಳನೆಯ ಸಂಪುಟದಲ್ಲಿ ಶಿವಮೊಗ್ಗ ತಾಲ್ಲೂಕಿನ ಕಲ್ಲೂರುಗುಡ್ಡದ ಶಾಸನವು ಅಚ್ಚಾಗಿದೆ. ಇದು 12ನೆಯ ಶತಮಾನದ್ದು. ಸಿಂಹನಂದ್ಯಾಚಾರ್ಯರು ದಡಿಗ ಮಾಧವರೆಂಬ ಸಹೋದರರಿಗೆ ಗಂಗರಾಜ್ಯವನ್ನು ಕಟ್ಟಿಕೊಟ್ಟ ವೃತ್ತಾಂತವು ಇದರಲ್ಲಿ ವಿಸ್ತಾರವಾಗಿ ಬಂದಿದೆ. ಮಂಡಲಿಯ ಬೆಟ್ಟದ ಮೇಲೆ ಆ ಸಹೋದರರು ಪ್ರತಿಷ್ಠಿಸಿದರೆನ್ನಲಾದ ಬಸದಿಯನ್ನು ಭುಜಬಲಗಂಗ ಬರ್ಮದೇವನು ಮರದಲ್ಲಿ ಕಟ್ಟಿಸಿ ‘ಪಟ್ಟದ ಬಸದಿ’ಯೆಂದು ಹೆಸರಿಟ್ಟನು, ಎಡದೊರೆ ಎಪ್ಪತ್ತರ ಬಸದಿಗಳಿಗೆಲ್ಲ ಅದನ್ನು ಮುಖ್ಯವಾಗಿಸಿದನು. ಅನಂತರ ನನ್ನಿಯಗಂಗನು ಅದನ್ನೇ ಕಲ್ಲಿನಲ್ಲಿ ಮಾಡಿಸಿದನು. ಬರ್ಮದೇವನ ಗುರುಗಳು ಮೂಲಸಂಘ ಕ್ರಾಣೂರ್ಗಣ ಮೇಷಪಾಷಾಣಗಚ್ಛದ ಪ್ರಭಾಚಂದ್ರ ಸಿದ್ಧಾಂತದೇವರು.

ಇಲ್ಲಿ ವಿಚಾರಾರ್ಹವಾದ ಅಂಶಗಳು ಎರಡು. ಮೊದಲನೆಯದು, ಮರದ ಬಸದಿಯು ಅವಶೇಷವನ್ನು ಉಳಿಸುವುದಿಲ್ಲ. ಅಡಿಪಾಯದ ಕಲ್ಲು ಕಾಣದಿದ್ದಲ್ಲಿ ಬಸದಿಯೇ ಇರಲಿಲ್ಲವೆಂದು ನಿರ್ಣಯಿಸುವುದು ಯುಕ್ತವಲ್ಲ. ಎರಡನೆಯದು, ಬಸದಿಯನ್ನು ಕುರಿತ ಈ ಶಾಸನವು ದೊರೆತುದು ಸಿದ್ಧೇಶ್ವರ ದೇವಾಲಯದ ಬಳಿಯಲ್ಲಿ. ಆದುದರಿಂದ ಕಲ್ಲು ಇಂದು ನಿಂತಿರುವ ಎಡೆಯೇ ಅದು ಹೇಳುವ ಎಡೆಯೆಂದು ಮುಂದಾಗಿಯೇ ತಿಳಿಯಲಾಗದು.

ಸಿಂಹನಂದಿಯ ವೃತ್ತಾಂತವನ್ನು ಗಂಗರಾಜ್ಯಸ್ಥಾಪನೆಗೆ ಸಮಕಾಲೀನ ಸಾಕ್ಷ್ಯವೆಂದು ಎತ್ತಿ ಹೇಳುವುದೂ ಉಂಟು. ಶಾಸನಕ್ಕೂ ಆ ಘಟನೆಗೂ ನಡುವೆ ಹಲವು ಶತಮಾನಗಳ ಅಂತರವಿದೆ. ಆದರೆ ಅಷ್ಟರಿಂದಲೇ ಇದನ್ನು ಕಟ್ಟುಕತೆಯೆಂದು ತಳ್ಳುವುದೂ ಸಲ್ಲದು. ಶಿವಮೊಗ್ಗದ ಬಳಿಯ ಪುರಲೆಯ ಶಾಸನದಲ್ಲಿಯೂ, ಹೊಂಬುಜದ 1077ರ ಶಾಸನದಲ್ಲಿಯೂ ಗಂಗವಂಶಕ್ಕೂ ಸಿಂಹನಂದಿಗೂ ಇದ್ದ ಸಂಬಂಧವು ಸ್ಮರಿಸಲ್ಪಟ್ಟಿದೆ. 11–12ನೆಯ ಶತಮಾನಗಳ ಜೈನಸಂಘವು ತನ್ನ ಪೂರ್ವವನ್ನು ಹೇಗೆ ಭಾವಿಸಿತ್ತೆಂಬುದಕ್ಕೆ ಇವು ನಿಶ್ಚಿತ ಪ್ರಮಾಣಗಳು. ಪ್ರಮಾಣದ ಈ ಮಿತಿಯನ್ನು ಒಪ್ಪುವುದರಿಂದ ಆಚಾರ್ಯರ ಮಹಿಮೆಗೆ ಕುಂದಾಗದು.

ಇನ್ನು ಮಾಡತಕ್ಕ ಕೆಲಸವು ಹಸ್ತಪ್ರತಿಗಳನ್ನು ಬಲ್ಲವರದು. ಓಲೆಗ್ರಂಥಗಳ ಅಂತ್ಯದಲ್ಲಿ ಪ್ರತಿಕಾರನು ಬರೆದಿಡುವ ಊರು, ಬಸದಿ, ಗಣಗಚ್ಛ, ಗುರುಗಳ ಹೆಸರು, ಶಕವರ್ಷ ಇವುಗಳನ್ನು ಸೂಚಿಯಲ್ಲಿ ಬಿಡದೆ ಸೇರಿಸಬೇಕು. ಕ್ರಾಣೂರ್ಗಣದ ಹೆಸರು ಬಂದಲ್ಲೆಲ್ಲ ಅದನ್ನು ಎಡದೊರೆ ನಾಡಿನ ಶಾಸನಗಳೊಡನೆ ಹೋಲಿಸಿ ನೋಡಬೇಕು. ಧರ್ಮಯ್ಯನವರು ತಾಳೆಗರಿಯಿಂದ ಕಲ್ಲಿನೆಡೆಗೆ ನಡೆದ ಹಾದಿಯು ಕಲ್ಲಿನಿಂದ ತಾಳೆಗರಿಯೆಡೆಗೂ ಸಾಗಿದಾಗಲೇ ಮಂಡಲಿಯ ಬಸದಿಯ ಚರಿತ್ರೆಯು ಪೂರ್ಣವಾಗುವುದು.