ಅರೆಹೊತ್ತಿನ ದುಡಿಮೆಯ ಬೇಡಿಕೆ

ಅರೆಕಾಲಿಕ ಉದ್ಯೋಗವೆಂಬುದು ನಗರದ ಕಚೇರಿಗಳಿಂದ ಬಂದ ಹೊಸ ಪದ್ಧತಿಯೆಂದು ಭಾವಿಸುವವರು ಯಾದಗಿರಿ, ಶಹಾಪುರ, ಸುರಪುರಗಳ ಹೊಲಗಳನ್ನು ನೋಡಬೇಕು. ನಾರಾಯಣಪುರ ಜಲಾಶಯದ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಬತ್ತ, ಹತ್ತಿ, ಮೆಣಸಿನಕಾಯಿಗಳ ಬೆಳೆ ಹೆಚ್ಚಿತು. ಹೆಂಗಸರ ಕೂಲಿಯ ಕೆಲಸವೂ ಹೆಚ್ಚಿತು. ಹತ್ತಿ ಬಿಡಿಸುವ ಕೂಲಿಯನ್ನು ಬಹುಮಟ್ಟಿಗೆ ತೂಕದ ಮೇಲೆ ಕೊಡುವುದುಂಟು. ಆದಕಾರಣ ಎಳೆಗೂಸುಳ್ಳ ತಾಯಿ ತಡವಾಗಿ ಬಂದು ಬೇಗನೆ ಹೊರಟರೂ ಹೊಲದ ಒಡೆಯನ ಲೆಕ್ಕ ಕೆಡುವುದಿಲ್ಲ. ಅವಳ ಗಳಿಕೆಯಷ್ಟೇ ಇಳಿಯುತ್ತದೆ. ಕಳೆ ತೆಗೆಯುವ ದಿನಗೂಲಿಯಲ್ಲಿ ಈ ಸಡಿಲಿಕೆ ಸುಲಭವಲ್ಲ.

ಅದೇ ತಾಯಿಯ ಮಗಳು ಪದವಿ ಪಡೆದು ಯಾದಗಿರಿಯ ಶಾಲೆಗೋ ಕಡೇಚೂರಿನ ಕಾರ್ಖಾನೆಗೋ ಅರ್ಜಿ ಹಾಕಿದಳೆಂದಿಟ್ಟುಕೊಳ್ಳೋಣ. ಮಗುವಿನ ಸಲುವಾಗಿ ದಿನಕ್ಕೆ ನಾಲ್ಕೈದು ಗಂಟೆಗಳ ಕೆಲಸ ಸಾಕೆಂದು ಹೊಸ ಉದ್ಯೋಗದಾತರನ್ನು ಕೇಳುವ ಹಕ್ಕು ಅವಳಿಗುಂಟೆ? ಕೇಳಬಹುದು, ಕೇಳಿದ್ದನ್ನು ಪರಿಶೀಲಿಸಲೇಬೇಕೆಂಬ ಸಾಮಾನ್ಯ ನಿಯಮ ನಮ್ಮ ಕಾರ್ಮಿಕ ಕಾನೂನಿನಲ್ಲಿಲ್ಲ. ಬ್ರಿಟನ್ನಿನಲ್ಲಿ 2003ರಲ್ಲಿ ಎಳೆಯ ಮಕ್ಕಳ ತಂದೆತಾಯಿಗಳಿಗೆ ಇಂಥ ಬೇಡಿಕೆಯ ಹಕ್ಕು ದೊರೆಯಿತು. ಆದರೆ ಅಲ್ಲಿಯೂ ಹೊಸಬರು 26 ವಾರ ಕಾಯಬೇಕಾಗಿತ್ತು. 2024ರ ಏಪ್ರಿಲ್ಲಿನಿಂದ ಮಾತ್ರ ಸೇವೆಗೆ ಸೇರಿದ ಮೊದಲ ದಿನವೇ ಕೇಳಬಹುದೆಂದಾಯಿತು. ಅದು ಕೇಳುವ ಹಕ್ಕು, ಪಡೆಯುವ ಹಕ್ಕಲ್ಲ.

ನಮ್ಮ ಕಾನೂನಿನ ಒಂದು ಶಬ್ದ ಇಲ್ಲಿ ವಿಚಾರಾರ್ಹವಾಗಿದೆ. 1948ರ ಕನಿಷ್ಠ ವೇತನ ಕಾಯಿದೆಯ ಪ್ರಕಾರ, ಮಾಲೀಕನು ಕೆಲಸ ಒದಗಿಸದೆ ದಿನದ ದುಡಿಮೆ ಕುಗ್ಗಿದರೆ ಕಾರ್ಮಿಕನಿಗೆ ಪೂರ್ಣ ದಿನದ ವೇತನ ಸಲ್ಲಬೇಕಾಗಿತ್ತು; ಕಾರ್ಮಿಕನ ‘ಅನಿಚ್ಛೆ’ಯಿಂದ ಕುಗ್ಗಿದರೆ ಸಲ್ಲುತ್ತಿರಲಿಲ್ಲ. 2019ರ ವೇತನ ಸಂಹಿತೆಯೂ ಇದೇ ಭೇದವನ್ನು ಉಳಿಸಿಕೊಂಡಿದೆ. ಕೂಸಿಗೆ ಹಾಲೂಡಿಸಲು ಮೂರು ಗಂಟೆಗೆ ಮನೆಗೆ ಹೊರಡುವ ತಾಯಿಗೆ ದುಡಿಯುವ ಇಚ್ಛೆಯಿಲ್ಲವೆ? ಕೆಲಸ ಸಿಗದಿರುವುದು ಮತ್ತು ಕೆಲಸ ಮಾಡಲೊಲ್ಲದಿರುವುದು ಎಂಬ ಎರಡೇ ಪಂಗಡಗಳನ್ನು ಮಾಡಿದವರು ಈ ಮೂರನೆಯ ಸ್ಥಿತಿಯನ್ನು ನೆನೆಯಲಿಲ್ಲವೆಂದೇ ತೋರುತ್ತದೆ.

ಕೊಡುವವರಿಗೆ ಅನುಕೂಲವಾದ ಅರೆಕಾಲವಾದರೋ ನಮಗೆ ಚಿರಪರಿಚಿತ. ಕಾಲೇಜುಗಳ ಅತಿಥಿ ಉಪನ್ಯಾಸಕರ ವಿಷಯವನ್ನು ಈ ಪುಟಗಳ ವಾಚಕರಿಗೆ ವಿವರಿಸಬೇಕಾಗಿಲ್ಲ. ಅಂಗನವಾಡಿ ಕಾರ್ಯಕರ್ತೆಯರದು ಅರೆಕಾಲಿಕ ಸೇವೆಯೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್ಲಿನಲ್ಲಿ ಒಪ್ಪದೆ, ಅವರಿಗೆ ಉಪದಾನ ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಪೂರ್ಣ ಹೊರೆಯನ್ನು ಹೊರಿಸಿ ಅರೆಕಾಲವೆಂದು ಹೆಸರಿಡುವ ಅಪಾಯ ಹೀಗೆ ನಿಜವಾದುದು.

ಆದ್ದರಿಂದ ಬೇಡಿಕೆಯ ಕ್ರಮವು ಮುಖ್ಯವಾಗುತ್ತದೆ. ಆಯ್ಕೆಯಾದ ಮೇಲೆ, ನೇಮಕವನ್ನು ಒಪ್ಪಿಕೊಳ್ಳುವ ಮುನ್ನ ಕೇಳುವುದು ಲೇಸು. ಸೇರಿದ ವಾರದಲ್ಲಿ ಕೇಳಿದರೆ ಮುಚ್ಚಿಟ್ಟಿದ್ದರೆಂಬ ಶಂಕೆ ಮೂಡುತ್ತದೆ. ಪತ್ರದಲ್ಲಿ ಸಂಸಾರದ ಕಷ್ಟವನ್ನು ವಿಸ್ತರಿಸುವುದಕ್ಕಿಂತ ಬರುವ, ಹೋಗುವ ಗಂಟೆಗಳನ್ನೂ ಆ ಅವಧಿಯಲ್ಲಿ ಮುಗಿಸಬಲ್ಲ ಕೆಲಸವನ್ನೂ ನಮೂದಿಸಬೇಕು. ಕೆಲಸವನ್ನು ಕಡಿಮೆ ಮಾಡದೆ ಗಂಟೆಗಳನ್ನು ಮಾತ್ರ ಕಡಿಮೆ ಮಾಡುವುದು ಬಲು ಸಾಮಾನ್ಯವಾದ ಮೋಸ, ಹಲವೊಮ್ಮೆ ಯಾರೂ ಉದ್ದೇಶಿಸದ ಮೋಸ. ವೇತನ ಮತ್ತು ರಜೆ ಯಾವ ಪ್ರಮಾಣದಲ್ಲಿ ಇಳಿಯುತ್ತವೆ, ಮಗು ಶಾಲೆಗೆ ಸೇರಿದ ಮೇಲೆ ಪೂರ್ಣಾವಧಿಗೆ ಮರಳಬಹುದೆ ಎಂಬುವನ್ನು ಲಿಖಿತವಾಗಿ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದೊಡನೆ ಕರಗುತ್ತದೆ.

ಒಪ್ಪದಿದ್ದರೆ? ಹೆರಿಗೆ ಸೌಲಭ್ಯದ ಕಾನೂನು ತಕ್ಕಮಟ್ಟಿಗೆ ನೆರವಾಗುತ್ತದೆ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸುವ ಬಿಡುವನ್ನು ಅದು ವಿಧಿಸುತ್ತದೆ. 2017ರ ತಿದ್ದುಪಡಿಯಿಂದ 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನಾ ಗೃಹವೂ ಕಡ್ಡಾಯವಾಯಿತು. ಆದರೆ ಸುರಪುರ, ಶಹಾಪುರಗಳಿಂದ ಯಾದಗಿರಿಗೆ ಬಸ್ಸಿನಲ್ಲಿ ಬರುವ ತಾಯಿ ಮಗುವನ್ನು ಊರಲ್ಲೇ ಬಿಟ್ಟು ಬಂದಿದ್ದರೆ, ಹಾಲೂಡಿಸುವ ಬಿಡುವಿನಲ್ಲಿ ಅವಳು ಮನೆ ಮುಟ್ಟಲಾರಳು. ಅವಳ ಪತ್ರದಲ್ಲಿ ಬಸ್ಸಿನ ವೇಳೆಯೂ ಇರಬೇಕಾಗುತ್ತದೆ.