ಗೋಲಾದರೂ ಗೋಲಲ್ಲ!

ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಚೆಂಡು ಬಲೆ ಸೇರಿದ ಮೇಲೂ ‘ಆಫ್‌ಸೈಡ್’ ಎಂದು ಗೋಲನ್ನು ರದ್ದು ಮಾಡುತ್ತಾರೆ. ಹಾಗೆಂದರೇನು?

ಎದುರಾಳಿಯ ಗೋಲಿನ ಬಳಿ ಮೊದಲೇ ಹೋಗಿ ಕಾದು ನಿಂತು, ದೂರದಿಂದ ಬಂದ ಚೆಂಡನ್ನು ಸುಲಭವಾಗಿ ಒಳಗೆ ತಳ್ಳುವುದನ್ನು ತಡೆಯುವ ನಿಯಮವಿದು.

ಶಾಲೆಯ ಓಟದ ಪಂದ್ಯವನ್ನು ನೆನೆಸಿಕೊಳ್ಳಿ. ಸೀಟಿ ಊದುವ ಮೊದಲೇ ಗೆರೆ ದಾಟಿದವನ ಓಟ ಲೆಕ್ಕಕ್ಕಿಲ್ಲ. ಇಲ್ಲಿ ಜೊತೆಗಾರ ಚೆಂಡು ಒದೆಯುವ ಕ್ಷಣವೇ ಸೀಟಿ. ಎದುರಾಳಿ ತಂಡದಲ್ಲಿ ಹಿಂದಿನಿಂದ ಎರಡನೆಯವನು ನಿಂತ ಜಾಗವೇ ಗೆರೆ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಆ ಕ್ಷಣದಲ್ಲಿ ಎದುರಾಳಿಯ ಅರ್ಧ ಅಂಕಣದಲ್ಲಿದ್ದು, ಈ ಗೆರೆಯನ್ನೂ ಚೆಂಡನ್ನೂ ದಾಟಿ ಮುಂದಿದ್ದವನು ಆಫ್‌ಸೈಡ್. ಸರಿಸಮನಾಗಿದ್ದರೆ ತಪ್ಪಿಲ್ಲ, ಚೆಂಡು ಹೊರಟ ಮೇಲೆ ಎಷ್ಟು ಮುಂದೆ ಓಡಿದರೂ ತಪ್ಪಿಲ್ಲ. ಕೈಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಲ್ಲಿ ಸುಮ್ಮನೆ ನಿಂತಿದ್ದರೆ ಶಿಕ್ಷೆಯಿಲ್ಲ. ಚೆಂಡನ್ನು ಆಡಿದರೆ ಅಥವಾ ಎದುರಾಳಿಗೆ ಅಡ್ಡಿಯಾದರೆ ಸಹಾಯಕ ರೆಫರಿ ಬಾವುಟ ಎತ್ತುತ್ತಾರೆ. ಎದುರಾಳಿಗೆ ಫ್ರೀ ಕಿಕ್ ಸಿಗುತ್ತದೆ. ಥ್ರೋ-ಇನ್, ಕಾರ್ನರ್ ಕಿಕ್, ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಈ ನಿಯಮವಿಲ್ಲ.

2022ರ ಕತಾರ್ ವಿಶ್ವಕಪ್‌ನಲ್ಲಿ ಆಫ್‌ಸೈಡ್ ಪತ್ತೆಹಚ್ಚಲು 12 ಕ್ಯಾಮೆರಾಗಳು ಪ್ರತಿ ಆಟಗಾರನ ಮೈಯ 29 ಬಿಂದುಗಳ ಮೇಲೆ ಕಣ್ಣಿಟ್ಟಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸಿ, ಒದ್ದ ಕ್ಷಣವನ್ನು ಕರಾರುವಾಕ್ಕಾಗಿ ತಿಳಿಸುತ್ತಿತ್ತು. ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ಎನ್ನರ್ ವೇಲೆನ್ಸಿಯಾ ಹೊಡೆದ ಗೋಲು ರದ್ದಾಯಿತು. ಗೋಲ್‌ಕೀಪರ್ ಮುಂದೆ ಬಂದಿದ್ದರಿಂದ ಹಿಂದೆ ಉಳಿದಿದ್ದು ಒಬ್ಬನೇ ಎದುರಾಳಿ; ವೇಲೆನ್ಸಿಯಾ ಅವರ ಜೊತೆಗಾರನೊಬ್ಬನ ಕಾಲು ಗೆರೆ ದಾಟಿತ್ತು.